ಪಿಕಪ್ ಗಾಡಿಗೆ ಯಾವ ಡಿಫರೆನ್ಶಿಯಲ್ ಸರಿ?

ನಮ್ಮ ಕಾಲೇಜಿಗೆ ಬರುವ ಎಷ್ಟೋ ವಿದ್ಯಾರ್ಥಿಗಳ ಮನೆ ನಡೆಯುವುದು ಪಿಕಪ್ ಗಾಡಿಯ ಬಾಡಿಗೆಯಿಂದ. ನಮ್ಮ ಮಾಮು ಕೂಡ ಮಳೆಗಾಲದ ಹಿಂದೆ ಮುಂದೆ ಕಾಫಿ ತೋಟಗಳಿಗೆ ಗೊಬ್ಬರ ಹೊಡೆಯುತ್ತಾರೆ, ಚಳಿಗಾಲದಲ್ಲಿ ತೋಟದಿಂದ ಕಾಫಿ ಮೂಟೆ ತರುತ್ತಾರೆ. ತೋಟದ ಮಣ್ಣುರಸ್ತೆಯಲ್ಲಿ ಗಾಡಿ ಹೂತುಕೊಂಡರೆ ಆ ದಿನದ ಬಾಡಿಗೆ ಹೋದಂತೆಯೇ. ಅದಕ್ಕಾಗಿ ಮುಂದಿನ ಗಾಡಿಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇರಬೇಕೋ, ಡಿಫರೆನ್ಶಿಯಲ್ ಲಾಕ್ ಇರಬೇಕೋ ಎಂಬ ಚರ್ಚೆ ಮನೆಯಲ್ಲಿ ನಡೆಯಿತು. ಮಾಮುವಿನ ಬಾಡಿಗೆ ಲೆಕ್ಕದ ಪುಸ್ತಕ ಬರೆಯುವುದು ನಾನೇ. ಹಾಗಾಗಿ ಮೆಕ್ಯಾನಿಕ್‌ಗಳನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಡಿಫರೆನ್ಶಿಯಲ್ ಏಕೆ ಬೇಕು?

ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಎಡ ಬಲ ಚಕ್ರಗಳ ನಡುವೆ 1.4 ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಸುಮಾರು 8.8 ಮೀಟರ್ ಹೆಚ್ಚು ಓಡುತ್ತದೆ. ವೃತ್ತ ದೊಡ್ಡದಿರಲಿ, ಚಿಕ್ಕದಿರಲಿ, ವ್ಯತ್ಯಾಸ ಮಾತ್ರ ಅಷ್ಟೇ. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಇಷ್ಟು ದೂರ ಟೈರು ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕಿತ್ತು. ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಶಿಯಲ್. ಹಿಂದಿನ ಆಕ್ಸಲ್‌ನ ನಡುವೆ ಗುಂಡಗೆ ಕಾಣುವ ಭಾಗದೊಳಗೆ ಅದು ಇರುತ್ತದೆ.

ತೊಂದರೆ ಎಲ್ಲಿದೆ?

ಬಾಡಿಗೆ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಓಪನ್ ಡಿಫರೆನ್ಶಿಯಲ್. ಅದು ಎರಡೂ ಚಕ್ರಗಳಿಗೆ ಸಮನಾದ ಬಲ ಕೊಡುತ್ತದೆ. ಕೇಳಲು ಇದು ನ್ಯಾಯವೆನಿಸುತ್ತದೆ, ಆದರೆ ಕೆಸರಿನಲ್ಲಿ ಇದೇ ತೊಂದರೆ. ಎಡ ಚಕ್ರ ಕೆಸರಿನಲ್ಲಿದ್ದು 100 ಪಾಲು ಬಲವನ್ನಷ್ಟೇ ನೆಲಕ್ಕೆ ದಾಟಿಸಬಲ್ಲದು, ಬಲ ಚಕ್ರ ಗಟ್ಟಿ ನೆಲದಲ್ಲಿದ್ದು 500 ಪಾಲು ದಾಟಿಸಬಲ್ಲದು ಎಂದುಕೊಳ್ಳಿ. ಓಪನ್ ಡಿಫರೆನ್ಶಿಯಲ್‌ನಲ್ಲಿ ಬಲ ಚಕ್ರಕ್ಕೂ 100 ಪಾಲೇ ಸಿಗುತ್ತದೆ. ಒಟ್ಟು 200. ಎಡ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಗುಂಡಿ ಆಳವಾಗುತ್ತದೆಯೇ ಹೊರತು ಪ್ರಯೋಜನವಿಲ್ಲ.

ಲಿಮಿಟೆಡ್ ಸ್ಲಿಪ್ ಏನು ಮಾಡುತ್ತದೆ?

ಇದರೊಳಗೆ ಕ್ಲಚ್ ಪ್ಲೇಟುಗಳು ಅಥವಾ ವಿಶೇಷ ಗೇರುಗಳು ಇರುತ್ತವೆ. ಒಂದು ಚಕ್ರ ಜಾರಲು ತೊಡಗಿದರೆ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಹೋಗುವಂತೆ ಇವು ಮಾಡುತ್ತವೆ. ಮೂರು ಪಟ್ಟು ಕೊಡಬಲ್ಲ ಗೇರ್ ಮಾದರಿಯಾದರೆ ಮೇಲಿನ ಲೆಕ್ಕದಲ್ಲಿ 100 ಮತ್ತು 300, ಒಟ್ಟು 400 ಆಗುತ್ತದೆ. ಚಾಲಕ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಮಳೆಯಲ್ಲಿ ನೆನೆದ ಟಾರು, ಜಲ್ಲಿ ರಸ್ತೆ, ಸಾಧಾರಣ ಕೆಸರು ಇರುವ ಕಡೆ ದಿನವಿಡೀ ಓಡುವವರಿಗೆ ಇದು ಅನುಕೂಲ.

ಇದಕ್ಕೂ ಮಿತಿ ಇದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಅದರ ಹಿಡಿತ ಸೊನ್ನೆ. ಸೊನ್ನೆಯ ಮೂರು ಪಟ್ಟು ಸೊನ್ನೆಯೇ. ಆಗ ಹ್ಯಾಂಡ್ ಬ್ರೇಕನ್ನು ಸ್ವಲ್ಪ ಎಳೆದರೆ ತಿರುಗುವ ಚಕ್ರಕ್ಕೆ ತಡೆ ಸಿಕ್ಕಿ ಇನ್ನೊಂದಕ್ಕೂ ಬಲ ಹೋಗುತ್ತದೆ. ಕ್ಲಚ್ ಮಾದರಿಯಲ್ಲಿ ಸ್ಪ್ರಿಂಗ್ ಒತ್ತಡದಿಂದ ಅಲ್ಪ ಬಲ ಸಿಗಬಹುದು, ಆದರೆ ಅದರ ಪ್ಲೇಟುಗಳು ಕಾಲಕ್ರಮೇಣ ಸವೆಯುತ್ತವೆ ಮತ್ತು ಅದಕ್ಕೆಂದೇ ಇರುವ ಆಯಿಲ್ ಹಾಕಬೇಕು.

ಲಾಕ್ ಏನು ಮಾಡುತ್ತದೆ?

ಲಾಕ್ ಹಾಕಿದಾಗ ಎರಡೂ ಚಕ್ರ ಒಂದೇ ಸರಳಿಗೆ ಬಿಗಿದಂತೆ ಒಟ್ಟಿಗೆ ತಿರುಗುತ್ತವೆ. ನಮ್ಮ ಲೆಕ್ಕದಲ್ಲಿ 100 ಮತ್ತು 500, ಒಟ್ಟು 600. ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದು 500 ಪಾಲಿನಿಂದ ಗಾಡಿಯನ್ನು ಎಳೆಯುತ್ತದೆ. ಟ್ರ್ಯಾಕ್ಟರ್ ಇರುವ ಮನೆಯವರಿಗೆ ಇದು ಹೊಸದಲ್ಲ. ಚಾಲಕನ ಕಾಲಬಳಿ ಇರುವ ಡಿಫ್ ಲಾಕ್ ಪೆಡಲ್ ಮಾಡುವುದು ಇದನ್ನೇ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2022ರಲ್ಲಿ ಮಾರುಕಟ್ಟೆಗೆ ತಂದ ಹೈಲಕ್ಸ್ ಪಿಕಪ್‌ನಲ್ಲಿ ಇದಕ್ಕೆ ಸ್ವಿಚ್ ಇದೆ. ತಾನಾಗಿ ಬೀಳುವ ಲಾಕ್‌ಗಳೂ ಉಂಟು. ಈಟನ್ ಕಂಪನಿಯ ಮಾದರಿಯಲ್ಲಿ ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ಮೀರಿದರೆ ಲಾಕ್ ಬೀಳುತ್ತದೆ. ಗಾಡಿ ಗಂಟೆಗೆ ಸುಮಾರು 30 ಕಿ.ಮೀ. ದಾಟಿದ ಮೇಲೆ ಅದು ಕೆಲಸ ಮಾಡುವುದಿಲ್ಲ.

ಈ ವೇಗದ ಮಿತಿಗೆ ಕಾರಣವಿದೆ. ಲಾಕ್ ಹಾಕಿಕೊಂಡು ಗಟ್ಟಿ ರಸ್ತೆಯಲ್ಲಿ ತಿರುಗಿದರೆ ಆ 8.8 ಮೀಟರ್ ವ್ಯತ್ಯಾಸ ಟೈರಿನ ಮೇಲೂ ಆಕ್ಸಲ್ ಮೇಲೂ ಬೀಳುತ್ತದೆ. ಗಾಡಿ ನೇರಕ್ಕೆ ಹೋಗಲು ಎಳೆಯುತ್ತದೆ. ಘಾಟಿಯ ಒದ್ದೆ ತಿರುವಿನಲ್ಲಿ ಇದು ಜೀವಕ್ಕೇ ಅಪಾಯ. ಆದ್ದರಿಂದ ಸ್ವಿಚ್ ಇರುವ ಲಾಕನ್ನು ನಿಧಾನ ವೇಗದಲ್ಲಿ, ಸಾಧ್ಯವಾದಷ್ಟು ನೇರ ದಾರಿಯಲ್ಲಿ, ಹೂತ ಜಾಗ ದಾಟುವವರೆಗೆ ಮಾತ್ರ ಬಳಸಿ ತಕ್ಷಣ ತೆಗೆಯಬೇಕು. ಬೇರೆಯವರ ಕೈಗೆ ಗಾಡಿ ಕೊಡುವ ಮಾಲೀಕರು ಚಾಲಕನಿಗೆ ಇದನ್ನು ಮೊದಲೇ ಹೇಳಿಕೊಡಬೇಕು.

ಹಾಗಾದರೆ ಯಾವುದು?

ಯಾವುದು ಹೆಚ್ಚು ಬಲಶಾಲಿ ಎಂದು ಕೇಳುವ ಬದಲು, ನಮ್ಮ ಗಾಡಿ ಎಲ್ಲಿ, ಹೇಗೆ ಜಾರುತ್ತದೆ ಎಂದು ಕೇಳಬೇಕು. ಓಡುತ್ತಿರುವಾಗಲೇ ಆಗಾಗ ಸ್ವಲ್ಪ ಸ್ವಲ್ಪ ಜಾರುವುದಾದರೆ ಲಿಮಿಟೆಡ್ ಸ್ಲಿಪ್. ನಿಧಾನವಾಗಿ ಹೋಗುವಾಗ ಒಂದು ಚಕ್ರ ಹಳ್ಳಕ್ಕಿಳಿದೋ ಮೇಲೆದ್ದೋ ಪೂರ್ತಿ ನಿಲ್ಲುವುದಾದರೆ ಲಾಕ್. ಮಾಮುವಿನ ಪುಸ್ತಕ ತಿರುವಿ ನೋಡಿದಾಗ ಕಳೆದ ವರ್ಷ ಗಾಡಿ ಹೂತದ್ದು ಮೂರು ಸಲ. ಮೂರೂ ಸಲ ಕಾಫಿ ತುಂಬಲು ಖಾಲಿ ಗಾಡಿಯಲ್ಲಿ ತೋಟದ ಏರು ಹತ್ತುವಾಗ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಪಟ್ಟಿ ಸ್ಪ್ರಿಂಗ್ ಗಡುಸು, ಚಕ್ರ ಬೇಗ ಮೇಲೇಳುತ್ತದೆ. ನಮ್ಮ ಮಟ್ಟಿಗೆ ಉತ್ತರ ಲಾಕ್ ಕಡೆಗೆ ವಾಲಿತು.

ಆದರೆ ಖರ್ಚಿನ ಲೆಕ್ಕವೂ ಬೇಕಲ್ಲ. ಉದಾಹರಣೆಗೆ ಹಾಕಿಸಲು 60,000 ರೂಪಾಯಿ, ಬಾಳಿಕೆ 6 ವರ್ಷ ಎಂದುಕೊಂಡರೆ ಸವಕಳಿ ವರ್ಷಕ್ಕೆ 10,000. ಒಮ್ಮೆ ಹೂತರೆ ಎಳೆಯುವ ಟ್ರ್ಯಾಕ್ಟರ್ ಕೂಲಿ, ತಪ್ಪಿದ ಬಾಡಿಗೆ ಸೇರಿ 2,500 ನಷ್ಟ ಎಂದುಕೊಂಡರೆ ವರ್ಷಕ್ಕೆ ನಾಲ್ಕು ಸಲ ಹೂತಾಗ ಖರ್ಚು ಸರಿಸಮ. ಅದಕ್ಕಿಂತ ಹೆಚ್ಚಾದರೆ ಲಾಭ, ಕಡಿಮೆಯಾದರೆ ನಷ್ಟ. ನಮ್ಮದು ಮೂರೇ ಸಲ. ಹಾಗಾಗಿ ಮೊದಲು ಒಳ್ಳೆಯ ಹಲ್ಲಿರುವ ಹಿಂದಿನ ಟೈರುಗಳು, ಖಾಲಿ ಹೋಗುವಾಗ ಹಿಂದಿನ ಆಕ್ಸಲ್ ಮೇಲೆ ಕಟ್ಟಿದ ನಾಲ್ಕೈದು ಮರಳು ಚೀಲ, ಜೊತೆಗೆ ಒಂದು ಸನಿಕೆ ಮತ್ತು ಎರಡು ಹಲಗೆ ಎಂದು ತೀರ್ಮಾನವಾಯಿತು.

ನಿಮ್ಮ ಮನೆಯಲ್ಲೂ ಗಾಡಿ ಇದ್ದರೆ, ಹೂತ ದಿನ, ಜಾಗ, ಲೋಡ್ ಇತ್ತೋ ಇಲ್ಲವೋ, ಖರ್ಚೆಷ್ಟು ಎಂದು ಒಂದು ವರ್ಷ ಬರೆದಿಡಿ. ಹೊರಗಿನಿಂದ ಹಾಕಿಸಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕಂಪನಿಯವರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಅಂಗಡಿಯವರು ಹೇಳುವುದನ್ನು ಆಮೇಲೆ ಕೇಳಿದರೂ ಆಗುತ್ತದೆ.