ಅಣಬೆ, ಕಾಡುಹೂಗಳ ಗುರುತು ಹಿಡಿಯುವುದು ಹೇಗೆ?

ಬೆಂಗಳೂರು: ಎರಡು ದಿನ ಬಿಡದೆ ಮಳೆ ಸುರಿದು ಮೂರನೆಯ ದಿನ ಬಿಸಿಲು ಕಂಡರೆ ಸಾಕು, ಉದ್ಯಾನಗಳ ಹುಲ್ಲುಹಾಸಿನ ಮೇಲೆ ಬಿಳಿಯ ಕೊಡೆಗಳು ಬಿಚ್ಚಿಕೊಳ್ಳುತ್ತವೆ. ಮಲೆನಾಡಿನಿಂದಲೋ ಕರಾವಳಿಯಿಂದಲೋ ಬಂದು ನಗರದಲ್ಲಿ ನೆಲೆಸಿದವರಿಗೆ ಆಗ ಊರಿನ ಹುತ್ತದ ಅಣಬೆಯ ಸಾರು ನೆನಪಾಗುವುದು ಸಹಜ. ಆದರೆ ಆ ನೆನಪನ್ನೇ ನಂಬಿ ಅಣಬೆ ಕಿತ್ತು ಅಡುಗೆಮನೆಗೆ ಒಯ್ದರೆ ಆಸ್ಪತ್ರೆ ಸೇರಬೇಕಾದೀತು.

ಮಳೆಗಾಲದಲ್ಲಿ ಅಣಬೆ ಮತ್ತು ಕಾಡುಹೂಗಳನ್ನು ಹುಡುಕಿ ಹೊರಡುವ ಹವ್ಯಾಸಿಗಳು ಮೊದಲು ಅರಿಯಬೇಕಾದ ಸಂಗತಿ ಇದು: ಗುರುತಿಸುವುದು ಬೇರೆ, ತಿನ್ನುವುದು ಬೇರೆ. ಒಂದೇ ಲಕ್ಷಣವನ್ನು ನೋಡಿ ಹೆಸರು ಹೇಳುವ ಆತುರವೇ ಎರಡಕ್ಕೂ ಶತ್ರು.

ಎರಡು ಕೊಡೆಗಳ ಕಥೆ

ಹುತ್ತದ ಅಣಬೆಯ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರು. ಗೆದ್ದಲುಗಳು ನೆಲದಡಿಯ ಗೂಡಿನಲ್ಲಿ ಈ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಮಳೆ ಬಂದಾಗ ಅದೇ ಶಿಲೀಂಧ್ರ ಮಣ್ಣು ಸೀಳಿಕೊಂಡು ಮೇಲೇಳುತ್ತದೆ. ಈ ಕುಲದ ಅನೇಕ ಪ್ರಭೇದಗಳಲ್ಲಿ ದಂಟು ಬೇರಿನಂತೆ ಗೂಡಿನವರೆಗೂ ಇಳಿದಿರುತ್ತದೆ. ಕೊಡೆಯ ನಡುವೆ ಮೊನಚಾದ ಉಬ್ಬು ಇರುತ್ತದೆ.

ಹುಲ್ಲುಹಾಸಿನಲ್ಲಿ ಏಳುವ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂಬುದು ಬೇರೆಯೇ ಅಣಬೆ. ಇದರ ದೊಡ್ಡ ಬಿಳಿ ಕೊಡೆಯ ಮೇಲೆ ಕಂದು ಬಣ್ಣದ ಹೊಪ್ಪಳಿಕೆಗಳಿರುತ್ತವೆ, ದಂಟಿನ ಮೇಲೆ ಬಳೆಯಂಥ ಉಂಗುರವಿರುತ್ತದೆ. ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಜೋಡಣೆಗೊಂಡ ಪದರಗಳು ಎಳೆಯದರಲ್ಲಿ ಬಿಳಿಯಾಗಿದ್ದು, ಬಲಿತಂತೆ ಹಸಿರು ಛಾಯೆ ಪಡೆಯುತ್ತವೆ. ತಿಂದವರಿಗೆ ಕೆಲವೇ ತಾಸುಗಳಲ್ಲಿ ತೀವ್ರ ವಾಂತಿ, ಭೇದಿ ಉಂಟಾಗುತ್ತದೆ.

ಎಳೆಯದಿದ್ದಾಗ ಪದರ ಬಿಳಿಯಾಗಿರುವುದರಿಂದಲೇ ಜನ ಮೋಸಹೋಗುತ್ತಾರೆ. ಇಲ್ಲಿ ನೆರವಿಗೆ ಬರುವುದು ಬೀಜಾಣು ಅಚ್ಚು. ಬಲಿತ ಅಣಬೆಯ ದಂಟನ್ನು ಕತ್ತರಿಸಿ, ಪದರಗಳು ಕೆಳಮುಖವಾಗುವಂತೆ ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಬೇಕು. ಮರುದಿನ ಬೆಳಿಗ್ಗೆ ಉದುರಿದ ಬೀಜಾಣುಗಳ ಬಣ್ಣ ಕಾಗದದ ಮೇಲೆ ಮೂಡಿರುತ್ತದೆ. ಕ್ಲೋರೋಫಿಲಮ್‌ನದು ಮಾಸಲು ಹಸಿರು, ಹುತ್ತದ ಅಣಬೆಯದು ನಸುಗೆಂಪು. ಹಾಗೆಂದು ಅಚ್ಚು ಹಸಿರಾಗಿರದ ಅಣಬೆಯೆಲ್ಲ ತಿನ್ನಲು ಯೋಗ್ಯ ಎಂದಲ್ಲ. ಮಾರಕ ಅಮಾನಿಟಾಗಳ ಅಚ್ಚು ಬಿಳಿ.

ಬೆಳ್ಳಿ ಚಮಚದ ನಂಬಿಕೆ

ವಿಷದ ಅಣಬೆ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಹುಳು ತಿಂದ ಅಣಬೆಯನ್ನು ಮನುಷ್ಯರೂ ತಿನ್ನಬಹುದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳು ಇಂದಿಗೂ ಚಾಲ್ತಿಯಲ್ಲಿವೆ. ಇವುಗಳಲ್ಲಿ ಒಂದನ್ನೂ ನಂಬುವಂತಿಲ್ಲ. ಅಮಾನಿಟಾ ಕುಲದ ಕೆಲವು ಪ್ರಭೇದಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಕುದಿಸಿದರೂ ನಾಶವಾಗದು. ಸಾಮಾನ್ಯವಾಗಿ ತಿಂದು ಆರು ತಾಸು ಅಥವಾ ಅದಕ್ಕೂ ಹೆಚ್ಚು ಕಾಲ ಏನೂ ಆಗುವುದಿಲ್ಲ. ಬಳಿಕ ವಾಂತಿ, ಭೇದಿ ಕಾಣಿಸಿಕೊಂಡು, ನಡುವೆ ಗುಣವಾದಂತೆ ತೋರಿ, ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ.

2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡು ಅಣಬೆ ತಿಂದು ಮಗು ಸೇರಿದಂತೆ 13 ಮಂದಿ ಮೃತಪಟ್ಟರು. ಅವರಲ್ಲಿ ಬಹುತೇಕರು ಚಹಾ ತೋಟಗಳ ಕುಟುಂಬದವರು. ಇಂಥ ಸಂದರ್ಭದಲ್ಲಿ ಲಕ್ಷಣಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಳಿದ ಅಣಬೆಯ ತುಂಡನ್ನೂ ವೈದ್ಯರಿಗೆ ತೋರಿಸಬೇಕು.

ಹೂವಿಗಿಂತ ಮೊದಲು ಎಲೆ

ಕಾಡುಹೂಗಳ ವಿಷಯದಲ್ಲಿ ಹೊಸಬರ ಕಣ್ಣು ಬಣ್ಣದ ಮೇಲೆಯೇ ನಿಲ್ಲುತ್ತದೆ. ಅನುಭವಿಗಳು ಎಲೆಯನ್ನು ನೋಡುತ್ತಾರೆ. ಎಲೆಗಳು ಎದುರುಬದುರಾಗಿವೆಯೇ, ಒಂದರ ನಂತರ ಒಂದರಂತಿವೆಯೇ? ಮುರಿದರೆ ಹಾಲು ಬರುತ್ತದೆಯೇ? ಎಸಳುಗಳೆಷ್ಟು, ಕೇಸರಗಳೆಷ್ಟು?

ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿ ಹೂವು, ಅಂದರೆ ಅಗ್ನಿಶಿಖೆ, ಇದಕ್ಕೆ ಉತ್ತಮ ಉದಾಹರಣೆ. ಹಿಂದಕ್ಕೆ ಬಾಗಿದ ಹಳದಿ-ಕೆಂಪು ಆರು ಎಸಳುಗಳು, ಆರು ಕೇಸರಗಳು ಎದ್ದು ಕಾಣುತ್ತವೆ. ಹೂವಿಲ್ಲದ ದಿನಗಳಲ್ಲಿ ಮಾತ್ರ ಗುರುತು ಕೊಡುವುದು ಎಲೆಯ ತುದಿ: ಅದು ತಂತುವಾಗಿ ಸುರುಳಿ ಸುತ್ತಿ ಆಸರೆ ಹಿಡಿಯುತ್ತದೆ. ಕಣ್ಣಿಗೆ ಹಬ್ಬವಾದ ಈ ಬಳ್ಳಿಯ ಎಲ್ಲ ಭಾಗಗಳಲ್ಲೂ, ವಿಶೇಷವಾಗಿ ಗಡ್ಡೆಯಲ್ಲಿ, ಕಾಲ್ಚಿಸಿನ್ ಎಂಬ ವಿಷವಿದೆ. ಗಡ್ಡೆಯನ್ನು ಗೆಣಸೆಂದು ಭಾವಿಸಿ ತಿಂದರೆ ಪ್ರಾಣಾಪಾಯ.

ಒಂದೂರಿನ ಹೆಸರು ಇನ್ನೊಂದೂರಿನಲ್ಲಿ ಬೇರೆ ಗಿಡದ್ದಾಗಿರಬಹುದು. ಆದ್ದರಿಂದ ಸ್ಥಳೀಯ ಹೆಸರಿನ ಜೊತೆಗೆ ಗ್ಲೋರಿಯೋಸಾ ಸುಪರ್ಬಾ ಎಂಬ ಶಾಸ್ತ್ರೀಯ ನಾಮವನ್ನೂ ಬರೆದಿಡುವುದು ರೂಢಿ. ಕುರಿಂಜಿಯದೂ ಇದೇ ಗೊಂದಲ. ಮುನ್ನಾರಿನಲ್ಲಿ 2006 ಮತ್ತು 2018ರಲ್ಲಿ ಅರಳಿದ ನೀಲಕುರಿಂಜಿಗೆ 12 ವರ್ಷಗಳ ಚಕ್ರವಿದೆ. ಆದರೆ ಪಶ್ಚಿಮ ಘಟ್ಟದಲ್ಲಿ ಅದೇ ಕುಲದ ಅನೇಕ ಪ್ರಭೇದಗಳಿದ್ದು, ಅವುಗಳ ಅವಧಿ ಬೇರೆ ಬೇರೆ. ಗುಡ್ಡ ನೀಲಿಯಾದಾಗಲೆಲ್ಲ ‘12 ವರ್ಷದ ಹೂ’ ಎನ್ನುವುದು ಸರಿಯಲ್ಲ.

ಪುಸ್ತಕ, ಮೊಬೈಲ್ ಮತ್ತು ಟಿಪ್ಪಣಿ

ಗಿಡಗಳ ಮಟ್ಟಿಗೆ ಕನ್ನಡಿಗರಿಗೆ ಉತ್ತಮ ಪರಂಪರೆಯಿದೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕಾಡು ಸುತ್ತುತ್ತಲೇ ಸಸ್ಯ ಪರಿಚಯ ಮಾಡಿಸುತ್ತದೆ. ಫಾದರ್ ಸೆಸಿಲ್ ಸಲ್ಡಾನಾ ಅವರು ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಕುರಿತು ಡಾನ್ ನಿಕೋಲ್ಸನ್ ಅವರೊಡನೆ ಸಂಪಾದಿಸಿದ ಗ್ರಂಥ 1976ರಲ್ಲಿ ಪ್ರಕಟವಾಯಿತು.

ಐನ್ಯಾಚುರಲಿಸ್ಟ್‌ನಂಥ ತಾಣಗಳಿಗೆ ಚಿತ್ರ ಕಳುಹಿಸಿದರೆ ಗಣಕಯಂತ್ರ ಕ್ಷಣದಲ್ಲಿ ಹೆಸರು ಸೂಚಿಸುತ್ತದೆ. ಅದು ಕೇವಲ ಸೂಚನೆ, ತೀರ್ಪಲ್ಲ, ಊಟಕ್ಕಂತೂ ಆಧಾರವಲ್ಲ. ಅಣಬೆಯಾದರೆ ಮೇಲಿನಿಂದ, ಅಡಿಯಿಂದ, ಬುಡದಿಂದ ಹೀಗೆ ಮೂರು ಚಿತ್ರಗಳಾದರೂ ಬೇಕು. ದಿನಾಂಕ, ಸ್ಥಳ, ಸುತ್ತಲಿನ ಮರ, ವಾಸನೆ ಇವನ್ನೂ ದಾಖಲಿಸಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಏನನ್ನೂ ಕೀಳದೆ ಚಿತ್ರಕ್ಕೇ ತೃಪ್ತಿಪಡಬೇಕು.

ಇಷ್ಟಾದರೂ ಹೆಸರು ಸಿಗದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಬರೆದಿಡುವುದರಲ್ಲಿ ಅವಮಾನವಿಲ್ಲ. ಮುಂದಿನ ಮಳೆಗಾಲದಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ ನೋಡಲು ಆ ಒಂದು ಸಾಲು ಸಾಕು.