ಮುಂದೂಡಿದ ತೆರಿಗೆ, ಮನ್ನಾ ಆದ ತೆರಿಗೆ

ಆಸ್ತಿಯನ್ನು ಮಾರಿ ಲಾಭ ಪಡೆದವನು ಅದರಲ್ಲಿ ಸರಕಾರದ ಪಾಲನ್ನು ಸಲ್ಲಿಸತಕ್ಕದ್ದೆಂಬುದು ಸರ್ವಸಮ್ಮತವಾದ ನ್ಯಾಯ. ಆದರೆ ಒಂದನ್ನು ಮಾರಿದ ಹಣವನ್ನೆಲ್ಲ ಮತ್ತೊಂದರಲ್ಲಿ ತೊಡಗಿಸಿದವನ ಕೈಯಲ್ಲಿ ಉಳಿಯುವುದೇನು? ಅಮೆರಿಕದ ಸಂಯುಕ್ತ ಸಂಸ್ಥಾನಗಳು ೧೯೨೧ರಲ್ಲಿಯೇ ಈ ಪ್ರಶ್ನೆಯನ್ನೆತ್ತಿಕೊಂಡು, ಆಸ್ತಿಗೆ ಆಸ್ತಿ ಬದಲಾದಲ್ಲಿ ತೆರಿಗೆ ಸದ್ಯಕ್ಕೆ ಬೇಡವೆಂದು ವಿಧಿಸಿದವು. ಅಲ್ಲಿಯ ತೆರಿಗೆ ಸಂಹಿತೆಯ ೧೦೩೧ನೆಯ ಕಲಮು ಇಂದಿಗೂ ಇದನ್ನೇ ಹೇಳುತ್ತದೆ. ಆ ದೇಶದಲ್ಲಿ ಬಾಡಿಗೆ ಮನೆಗಳನ್ನು ಕೊಂಡಿರುವ ಕನ್ನಡಿಗರಿಗೂ ಇದು ತಿಳಿದಿರಬೇಕಾದ ವಿಷಯ.

ನಿಬಂಧನೆಗಳು ಬಿಗಿಯಾಗಿವೆ. ಆಸ್ತಿಯು ವ್ಯಾಪಾರಕ್ಕಾಗಿಯೋ ಉತ್ಪನ್ನಕ್ಕಾಗಿಯೋ ಇಟ್ಟುಕೊಂಡುದಾಗಿರಬೇಕು; ಸ್ವಂತ ವಾಸದ ಮನೆಗೆ ಈ ಸವಲತ್ತಿಲ್ಲ. ಮಾರಿದ ೪೫ ದಿನಗಳೊಳಗೆ ಹೊಸ ಆಸ್ತಿಯನ್ನು ಬರಹದಲ್ಲಿ ಗೊತ್ತುಪಡಿಸಿ, ಹೆಚ್ಚೆಂದರೆ ೧೮೦ ದಿನಗಳೊಳಗೆ ಪಡೆದುಕೊಳ್ಳಬೇಕು. ಹಣವು ಮಾರಿದವನ ಕೈಸೇರದೆ ಮಧ್ಯಸ್ಥನ ವಶದಲ್ಲಿರಬೇಕು. ಆ ಮಧ್ಯಸ್ಥನನ್ನು ಪರೀಕ್ಷಿಸಿಯೇ ಆರಿಸತಕ್ಕದ್ದು. ೨೦೦೮ರಲ್ಲಿ ಅಂತಹ ದೊಡ್ಡ ಸಂಸ್ಥೆಯೊಂದು ದಿವಾಳಿಯಾಗಿ ಗಿರಾಕಿಗಳ ಹಣ ಸಿಕ್ಕಿಬಿದ್ದಿತು. ಅಲ್ಲಿಯ ಮನೆಯನ್ನು ಮಾರಿ ಬೆಂಗಳೂರಿನಲ್ಲಿ ನಿವೇಶನ ಕೊಳ್ಳಬಯಸುವವರು ಇನ್ನೊಂದನ್ನು ಗಮನಿಸಬೇಕು: ಅಮೆರಿಕದ ನೆಲಕ್ಕೆ ಪರದೇಶದ ನೆಲ ಬದಲಾಗಿ ಸಲ್ಲದು.

ಲೆಕ್ಕವನ್ನು ನೋಡೋಣ. ೨ ಲಕ್ಷ ಡಾಲರಿಗೆ ಕೊಂಡುದನ್ನು ೫ ಲಕ್ಷಕ್ಕೆ ಮಾರಿ, ಅಷ್ಟೇ ಬೆಲೆಯ ಬೇರೊಂದನ್ನು ಕೊಂಡರೆ ೩ ಲಕ್ಷದ ಲಾಭಕ್ಕೆ ಅಂದು ತೆರಿಗೆಯಿಲ್ಲ. ಆದರೆ ಸವಕಳಿಯ ಲೆಕ್ಕವನ್ನು ಬದಿಗಿಟ್ಟರೆ, ಹೊಸ ಆಸ್ತಿಯ ಅಸಲು ೨ ಲಕ್ಷವೆಂದೇ ದಾಖಲಾಗುತ್ತದೆ. ಮುಂದೆ ಅದನ್ನು ಮಾರಿ ಹಣ ಪಡೆದ ದಿನ ಹಳೆಯ ಬಾಕಿ ಎದ್ದು ನಿಲ್ಲುತ್ತದೆ. ಅಂದರೆ ಇದು ಸಾಲಕ್ಕೆ ಕೊಟ್ಟ ವಾಯಿದೆಯೇ ಹೊರತು ಮನ್ನಾ ಅಲ್ಲ.

ಇಲ್ಲಿಯವರೆಗೆ ಆಕ್ಷೇಪಣೆಗೆ ಎಡೆಯಿಲ್ಲ. ಆದರೆ ವಿನಿಮಯದ ಮೇಲೆ ವಿನಿಮಯ ಮಾಡುತ್ತ ಮಾಲೀಕನು ತೀರಿಕೊಂಡರೆ, ವಾರಸುದಾರನಿಗೆ ಆಸ್ತಿಯು ಆ ದಿನದ ಪೇಟೆಯ ಬೆಲೆಗೇ ಬಂದಂತೆ ಅಲ್ಲಿಯ ಕಾನೂನು ಎಣಿಸುತ್ತದೆ. ಜೀವಮಾನದ ಲಾಭದ ಮೇಲಿನ ತೆರಿಗೆ ಹೀಗೆ ಅಳಿಸಿಹೋಗುತ್ತದೆ. ಯಂತ್ರ, ವಾಹನಗಳ ವಿನಿಮಯಕ್ಕಿದ್ದ ಸವಲತ್ತನ್ನು ೨೦೧೮ರಿಂದ ತೆಗೆದುಹಾಕಿದ ಆ ದೇಶವು ಭೂಮಿ ಕಟ್ಟಡಗಳಿಗೆ ಮಾತ್ರ ಅದನ್ನು ಉಳಿಸಿಕೊಂಡಿತು. ಮೊತ್ತಕ್ಕೆ ಮಿತಿಯನ್ನೂ ಇಡಲಿಲ್ಲ. ನಮ್ಮ ದೇಶವಾದರೋ, ವಾಸದ ಮನೆಯನ್ನು ಮಾರಿ ಮನೆ ಕೊಳ್ಳುವವರ ವಿನಾಯಿತಿಗೆ ೨೦೨೩ರಲ್ಲಿ ೧೦ ಕೋಟಿ ರೂಪಾಯಿಗಳ ಮಿತಿ ವಿಧಿಸಿತು.

ಸಂಬಳಗಾರನ ತೆರಿಗೆಯು ಸಂಬಳ ಕೈಸೇರುವ ಮೊದಲೇ ಕಡಿತವಾಗುತ್ತದೆ, ಅವನಿಗೆ ವಾಯಿದೆಯಿಲ್ಲ. ಆಸ್ತಿವಂತನಿಗೆ ವಾಯಿದೆ ಕೊಡುವುದು ನ್ಯಾಯವೇ ಸರಿ. ಆ ವಾಯಿದೆಯೇ ಮನ್ನಾ ಆಗಿ ಪರಿಣಮಿಸುವುದು ಮಾತ್ರ ನ್ಯಾಯವಲ್ಲ.