ಹಲ್ಲಿರೊ ಚಕ್ರ

ಪುಷ್ಯದ ಚಳಿ ಇನ್ನೂ ರಸ್ತೆ ಬಿಟ್ಟಿರಲಿಲ್ಲ. ಕೊಳ್ಳೇಗಾಲ ದಾಟಿ ಹನೂರಿನ ದಾರಿ ಹಿಡಿದರೆ ಸಿಗುವ ಮಧುವನಹಳ್ಳಿಯಲ್ಲಿ ಪಂಚರ್ ಅಂಗಡಿಯ ಕಂಪ್ರೆಸರ್ ಆಗಲೇ ಗುಟುರು ಹಾಕುತ್ತಿತ್ತು. ಕಲ್ಲುಕಂಬಕ್ಕೆ ನೇತುಹಾಕಿದ ಹಳೇ ಲಾರಿ ಟಯರೇ ಬೋರ್ಡು. ಅದರ ಮೇಲೆ ಸುಣ್ಣದಲ್ಲಿ ‘ಪಂಚರ್’ ಎಂಬ ಮೂರಕ್ಷರ. ಸುಣ್ಣ ಉದುರಿದ ಕಡೆ ‘ವಿಕ್ರಾಂತ್’ ಎಂಬ ಹೆಸರು ಅರ್ಧ ಕಾಣುತ್ತದೆ. ಮೈಸೂರಿನದೇ ಆಗಿದ್ದ ಆ ಟಯರು ಕಾರ್ಖಾನೆ 1997ರಲ್ಲಿ ಜೆಕೆ ಟಯರಿನವರ ಪಾಲಾಯಿತು. ಟಯರು ಮಾತ್ರ ಇಲ್ಲಿ ಹಳೇ ಹೆಸರನ್ನೇ ಹಿಡಿದುಕೊಂಡು ತೂಗಾಡುತ್ತಿದೆ.

ನನ್ನ ಸ್ಕೂಟರಿಗೆ ಗಾಳಿ ಹಿಡಿಸಲು ನಿಂತವನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಕಾರಣ, ನನಗಿಂತ ಮುಂಚೆ ಬಂದಿದ್ದ ಹುಡುಗ ಮತ್ತು ಅವನ ಎಕ್ಸ್‌ಪಲ್ಸ್. ಹೀರೋ ಕಂಪನಿ 2011ರಲ್ಲಿ ಇಂಪಲ್ಸ್ ಅಂತ ಒಂದು ಗಾಡಿ ಬಿಟ್ಟು, ಕೆಲವೇ ವರ್ಷಗಳಲ್ಲಿ ನಿಲ್ಲಿಸಿತ್ತು. ಟಾರಿಗೂ ಸೈ, ಮಣ್ಣಿಗೂ ಸೈ ಎನ್ನುವ ಅದೇ ‘ಡ್ಯುಯಲ್ ಸ್ಪೋರ್ಟ್’ ಆಸೆ 2019ರಲ್ಲಿ 200 ಸಿ.ಸಿ. ಹೊತ್ತು ಎಕ್ಸ್‌ಪಲ್ಸ್ ಆಗಿ ಮರಳಿತು. ಮುಂದೆ 21 ಇಂಚಿನ ಬಡಕಲು ಚಕ್ರ, ಹಿಂದೆ 18ರದ್ದು. ಹುಡುಗ ಬೋರ್‌ವೆಲ್ ಮೋಟಾರ್ ರಿಪೇರಿಯವನು. ಹಿಂದಿನ ಸೀಟಿಗೆ ಕಟ್ಟಿದ ಸ್ಪಾನರ್ ಚೀಲದ ಮೇಲೂ ಕೆಮ್ಮಣ್ಣಿನ ಪುಡಿ.

“ಎರಡಕ್ಕೂ ಬಟನ್ ಟಯರೇ ಹಾಕು,” ಅಂದ ಹುಡುಗ. ಮೊಬೈಲಿನಲ್ಲಿ ಯಾವನೋ ಹಿಮಾಲಯದ ಕೆಸರು ಹಾರಿಸುವ ವಿಡಿಯೋ ತೋರಿಸಿದ.

ಅಂಗಡಿಯವನು ವಿಡಿಯೋ ನೋಡಲಿಲ್ಲ. ಸವೆದ ಟಯರಿನ ನಡುಭಾಗದ ಮೇಲೆ ಹೆಬ್ಬೆರಳಾಡಿಸಿದ. ನಡುವೆ ನುಣುಪು, ಅಂಚಿನ ಹಲ್ಲು ಇನ್ನೂ ಹೊಸದು. “ಇದು ಟಾರ್ ಮೇಲ ಓಡಿರ ಟಯರು ಕನಾ. ಮಣ್ಣಲ್ಲಿ ದಿನಕ್ಕ ಎಷ್ಟು ಓಡ್ಸೀಯ, ಸುಳ್ಳು ಹೇಳ್ಬೇಡ.”

ಹುಡುಗ ಲೆಕ್ಕ ಹಾಕತೊಡಗಿದ. ಆ ಲೆಕ್ಕ ಕೇಳುತ್ತಾ ಇಡೀ ಸೀಮೆ ನನ್ನ ಕಣ್ಣ ಮುಂದೆ ಬಿಚ್ಚಿಕೊಂಡಿತು. ಇಲ್ಲಿಂದ ಕಾಮಗೆರೆ, ಹನೂರು ಟಾರು. ಕೊಳ್ಳೇಗಾಲದ ಕಡೆ ತಿರುಗಿದರೆ ಗದ್ದೆ, ಕಾಲುವೆ ಏರಿ. ಹಿಂಗಾರು ಮಳೆ ಹಿಡಿದರೆ ಅಲ್ಲಿನ ಜೇಡಿ ಚಕ್ರಕ್ಕೆ ಸುತ್ತಿಕೊಂಡು, ಮಡ್‌ಗಾರ್ಡಿನ ಸಂದಿ ತುಂಬಿ, ಗಾಡಿ ಅಲ್ಲೇ ಶಿಲೆ. ಎಕ್ಸ್‌ಪಲ್ಸಿನ ಮುಂದಿನ ಮಡ್‌ಗಾರ್ಡು ಕೊಕ್ಕಿನ ಹಾಗೆ ಎತ್ತರಕ್ಕೆ ಎದ್ದಿರುವುದು ಚಂದಕ್ಕಲ್ಲ, ಇದೇ ಕಾಟಕ್ಕೆ. ಹನೂರು ಬಿಟ್ಟು ಲೊಕ್ಕನಹಳ್ಳಿ, ಒಡೆಯರಪಾಳ್ಯದ ಕಡೆಗೆ ಹೊರಳಿದರೆ ಕೆಮ್ಮಣ್ಣು, ಜಲ್ಲಿ, ಅಲ್ಲಿ ನೆಲೆಸಿರುವ ಟಿಬೆಟನ್ನರ ಮುಸುಕಿನ ಜೋಳದ ಹೊಲ. ಹೊಲದ ದಾರಿಯ ತುಂಬ ಸೀಮೆಜಾಲಿಯ ಮುಳ್ಳು. ರಾಮಾಪುರ, ಕೌದಳ್ಳಿ ದಾಟಿ ಮಲೆ ಮಾದಪ್ಪನ ಬೆಟ್ಟ ಹತ್ತಿದರೆ ಮತ್ತೆ ಟಾರು, ಆದರೆ ತಿರುವಿನ ಮೇಲೆ ತಿರುವು. ಒಂದೇ ಹಗಲಿನಲ್ಲಿ ಒಂದೇ ಗಾಡಿ ಇಷ್ಟೂ ನೆಲ ತುಳಿಯಬೇಕು.

“ಹತ್ತರಲ್ಲಿ ಏಳು ಟಾರು, ಮೂರು ಮಣ್ಣು,” ಅಂತ ಕೊನೆಗೆ ಒಪ್ಪಿಕೊಂಡ.

ಅಂಗಡಿಯವನು ಒಂದು ಬಟನ್ ಟಯರನ್ನು ನನ್ನ ಕಡೆಗೇ ಉರುಳಿಸಿದ. “ಒತ್ತಿ ನೋಡಿ ಸಾ.” ಒತ್ತಿದೆ. ಚದುರಂಗದ ಕಾಯಿಯಂತೆ ಎದ್ದು ನಿಂತ ರಬ್ಬರ್ ಗುಂಡಿ ಬೆರಳಿನ ಬಲಕ್ಕೇ ಪಕ್ಕಕ್ಕೆ ಬಾಗಿತು. ಕೆಸರಿನಲ್ಲಿ ಈ ಗುಂಡಿ ನೆಲಕ್ಕೆ ನಾಟುತ್ತದೆ. ನಡುವಿನ ಅಗಲವಾದ ಸಂದಿಯಿಂದ ಮಣ್ಣು ತಾನೇ ಉದುರುತ್ತದೆ. ಅದೇ ಗುಂಡಿ ಟಾರಿನ ಮೇಲೆ, ಬೆಟ್ಟದ ತಿರುವಿನಲ್ಲಿ ಗಾಡಿ ವಾಲಿದಾಗ ಹೀಗೇ ಬಾಗುತ್ತದೆ. ನೆಲ ಮುಟ್ಟುವ ರಬ್ಬರೂ ಕಡಿಮೆ. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವುದು ನಾಲ್ಕು ಮಾರು ಆಚೆಗೆ. ಜೊತೆಗೆ ಜೇನುಹುಟ್ಟು ಕೆದಕಿದಂಥ ಗುಂಯ್‌ಗುಟ್ಟುವ ಸದ್ದು, ಬೇಗ ಸವೆಯುವ ಖರ್ಚು. ಹಾಗಂತ ನುಣ್ಣನೆ ರಸ್ತೆ ಟಯರು ಹಾಕಿದರೆ ಕಾಲುವೆ ಏರಿಯಲ್ಲಿ ಸೋಪಿನ ಮೇಲೆ ನಡೆದ ಹಾಗೆ.

ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಅಜ್ಜ ನಕ್ಕ. ಅವನ ಎಕ್ಸೆಲ್ಲಿನ ಹಿಂದೆ ಎರಡು ಹಾಲಿನ ಕ್ಯಾನು, ನಡುವೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಟಿವಿಎಸ್‌ನವರು 1980ರಲ್ಲಿ ಹೊಸೂರಿನಿಂದ ಬಿಟ್ಟ ಐವತ್ತು ಸಿ.ಸಿ. ಮೊಪೆಡ್ಡಿನ ಮೊಮ್ಮಗಳು ಅದು. ಸಣ್ಣ ಚಕ್ರ, ಸಾಧಾರಣ ಟಯರು. ಕೆಮ್ಮಣ್ಣು, ಟಾರು, ಗದ್ದೆಬದು ಯಾವುದಕ್ಕೂ ಅಂಜದೆ ನಿಧಾನಕ್ಕೆ ಹೋಗುತ್ತದೆ. ಈ ಸೀಮೆಯ ನಿಜವಾದ ಡ್ಯುಯಲ್ ಸ್ಪೋರ್ಟ್ ಅದೇ ಎಂದು ನನ್ನ ಖಾಸಗಿ ಅಭಿಪ್ರಾಯ. ಅಜ್ಜನ ಅಭಿಪ್ರಾಯ ಬೇರೆ. “ನಮ್ಮ ಮಾದಪ್ಪ ಹುಲಿ ಮೇಲ ಓಡಾಡ್ದ. ಬಂಡಗೂ ಅದೇ ಪಾದ, ಕೆಸರ್ಗೂ ಅದೇ ಪಾದ. ಬೇಕಂದಾಗ ಉಗುರು ಈಚ್ಗ, ಬ್ಯಾಡಂದಾಗ ಒಳಕ್ಕ. ಅಂತಾ ಟಯರು ಇದ್ರ ಹೇಳು, ನಾನೂ ಹಾಕಿಸ್ತೀನಿ.”

ಅಷ್ಟರಲ್ಲಿ ಹುಡುಗನ ಹಳೇ ಟ್ಯೂಬು ನೀರಿನ ಬಾಣಲಿಗೆ ಇಳಿಯಿತು. ಗುಳ್ಳೆ ಎದ್ದದ್ದು ಎರಡು ಕಡೆ, ಬೆರಳಗಲದ ಅಂತರದಲ್ಲಿ, ಅಕ್ಕಪಕ್ಕ. ಥೇಟು ಹಾವು ಕಚ್ಚಿದ ಗುರುತು. ಮುಳ್ಳು ಚುಚ್ಚಿದರೆ ತೂತು ಒಂದೇ. ಇದು ಗಾಳಿ ತೀರಾ ಇಳಿಸಿಕೊಂಡು ಜಲ್ಲಿಯ ಮೇಲೆ ಜೋರಾಗಿ ಹೋದಾಗ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಕಚ್ಚಿಸಿಕೊಂಡದ್ದು. ಮರಳಿನಲ್ಲಿ, ಕೆಸರಿನಲ್ಲಿ ಗಾಳಿ 20ರ ಆಸುಪಾಸಿಗೆ ಇಳಿಸಿದರೆ ಟಯರು ಅಗಲವಾಗಿ ಕೂತು ಹಿಡಿಯುತ್ತದೆ, ನಿಜ. ಟಾರಿಗೆ ಬಂದ ಮೇಲೆ ಮತ್ತೆ 30ರ ಹತ್ತಿರಕ್ಕೆ ಏರಿಸುವ ವ್ಯವಧಾನವೂ ಬೇಕಲ್ಲ!

“ಮುಂದ್ಕ ಹಲ್ಲು ಜಾಸ್ತಿ ಇರದು ಹಾಕ್ತೀನಿ, ಹಿಂದ್ಕ ಅರ್ಧಂಬರ್ಧದ್ದು,” ಅಂತ ಅಂಗಡಿಯವನು ತೀರ್ಪು ಕೊಟ್ಟ. ಯಾಕೆ ಅಂದರೆ, “ಹಿಂದಿಂದು ಜಾರಿದ್ರ ಗಾಡಿ ಬಾಲ ಅಲ್ಲಾಡಿಸ್ತದ. ಮುಂದಿಂದು ಜಾರಿದ್ರ ನೀನು ಮಲಗ್ತೀಯ.”

ಹೊಸ ಟಯರಿನ ಪಕ್ಕೆಯ ಮೇಲೆ ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕೆ: 2324. ಎರಡು ಸಾವಿರದ ಇಪ್ಪತ್ತನಾಲ್ಕರ ಇಪ್ಪತ್ಮೂರನೇ ವಾರ ಹುಟ್ಟಿದ್ದು. ಗೋದಾಮಿನಲ್ಲಿ ವರ್ಷಗಟ್ಟಲೆ ಮುದುಡಿ ಗಟ್ಟಿಯಾದ ಟಯರನ್ನು ಹೊಸದೆಂದು ಮಾರುವವರೂ ಉಂಟು, ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಬಾಣದ ಗುರುತು ಉರುಳುವ ದಿಕ್ಕಿಗಿದೆಯೇ ಎಂದು ನೋಡಿ, ಅಂಚಿಗೆ ಸೋಪಿನ ನೀರು ಸವರಿ, ಎರಡು ಲಿವರ್ ಕೊಟ್ಟು ಒಳಗೆ ದಬ್ಬಿದ. ಗಾಳಿ ಏರುತ್ತಾ ಏರುತ್ತಾ ‘ಟಪ್’ ಎಂದು ಟಯರು ರಿಮ್ಮಿಗೆ ಕೂತಿತು. ಅದರ ಮೈಮೇಲೆ ಎಳೆಗರುವಿನ ಕೂದಲಿನಂಥ ರಬ್ಬರ್ ಎಳೆಗಳು. “ಹೊಸದು ಜಾರ್ತದ, ನೂರು ಕಿಲೋಮೀಟ್ರು ಮೆಲ್ಗ ಹೋಗು,” ಅಂದ.

ಹುಡುಗ ಹನೂರಿನ ಕಡೆ ಹೊರಟ. ನಾನೂ ಹಿಂದೆಯೇ. ಮೈಲಿ ಹೋಗಿರಲಿಲ್ಲ, ಟಾರಿನ ಅರ್ಧಕ್ಕೆ ಹುರುಳಿ ಹರಡಿದ್ದರು. ಬಸ್ಸು, ಲಾರಿಗಳೇ ಇಲ್ಲಿ ಒಕ್ಕಣೆಯ ಎತ್ತು. ಒಣಗಿದ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಸಿಡಿದ ಕಾಳು ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ. ಅದರ ಮೇಲೆ ಯಾವ ಕಂಪನಿಯ ಯಾವ ಟಯರೂ ನಿಲ್ಲದು. ಹುಡುಗ ಬ್ರೇಕ್ ಮುಟ್ಟದೆ, ಎರಡೂ ಕಾಲು ಇಳಿಬಿಟ್ಟು, ಅಂಚಿನಲ್ಲಿ ತೆವಳುತ್ತಾ ದಾಟಿದ.

ಮೊರ ಹಿಡಿದು ನಿಂತಿದ್ದ ಮುದುಕಿಗೆ ಅದು ಸರಿಬೀಳಲಿಲ್ಲ. ಮುಂದಿನ ಚಕ್ರವನ್ನೇ ದಿಟ್ಟಿಸಿ ಕೂಗಿದಳು:

“ಏ ಮಗಾ, ಹಲ್ಲಿರೊ ಚಕ್ರ ಮಡಿಕಂಡು ಅಂಚ್ಗ ಯಾಕ ಹೋದಯ್? ತಿರುಗುಸ್ಕಂಡು ಬಾ, ನಡುವ ಇನ್ನೊಂದ್ಸಲ ಹತ್ತುಸು.”